ಇಶಿಗುರೊ ಕಾದಂಬರಿಗಳು: ಯಾವುದು ಮೊದಲು, ಯಾವುದು ಆಮೇಲೆ

ಇಂಗ್ಲಿಷಿನಲ್ಲಿ ಬರೆಯುವ ನೊಬೆಲ್ ಪುರಸ್ಕೃತ ಕಾದಂಬರಿಕಾರ ಕಜುವೊ ಇಶಿಗುರೊ ಅವರನ್ನು ಓದಬೇಕೆಂದು ಮನಸ್ಸು ಮಾಡಿದವರು ಮೊದಲು ಕೇಳುವುದು ಎಲ್ಲಿಂದ ಆರಂಭಿಸಲಿ ಎಂದು. ಬುಕರ್ ಪ್ರಶಸ್ತಿ ಬಂದದ್ದನ್ನು ಓದಿ ಎಂದೋ, ಸಿನಿಮಾ ಆದದ್ದನ್ನು ಓದಿ ಎಂದೋ ಉತ್ತರ ಸಿಗುತ್ತದೆ. ಎರಡರಲ್ಲೂ ತಪ್ಪಿಲ್ಲ, ಆದರೆ ಓದುವವರು ಯಾರು ಎಂಬುದನ್ನು ಎರಡೂ ವಿಚಾರಿಸುವುದಿಲ್ಲ. 1982ರಿಂದ 2021ರವರೆಗೆ ಎಂಟು ಕಾದಂಬರಿ, ನಡುವೆ 2009ರಲ್ಲಿ ಒಂದು ಕಥಾಸಂಕಲನ: ನಲವತ್ತು ವರ್ಷದ ಬರವಣಿಗೆಗೆ ಇದು ದೊಡ್ಡ ಗಂಟೇನಲ್ಲ. ಆದರೂ ಇವುಗಳಲ್ಲಿ ಒಂದನ್ನು ಮೆಚ್ಚಿ ಊರಿಗೆಲ್ಲ ಹೇಳಿಕೊಂಡು ಬಂದವರು ಇನ್ನೊಂದನ್ನು ಅರ್ಧಕ್ಕೇ ಮಡಚಿಡುವುದನ್ನು ಬೇಕಾದಷ್ಟು ಕಂಡಿದ್ದೇನೆ. ಎಂಟನ್ನೂ ಓದಿ, ಕೆಲವನ್ನು ಮತ್ತೆ ಓದಿ, ಮನೆಯವರಿಗೂ ಕಚೇರಿಯವರಿಗೂ ನೆರೆಯವರಿಗೂ ಕೊಟ್ಟು, ಅವರು ಹೇಳಿದ್ದನ್ನು ಕೇಳಿಸಿಕೊಂಡ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಕಥೆಯ ಗುಟ್ಟುಗಳನ್ನು ಬಿಟ್ಟುಕೊಡದೆ ಇವುಗಳನ್ನು ಹೋಲಿಸುವುದು ಸಾಧ್ಯವಿಲ್ಲವಾದ್ದರಿಂದ, ಏನೂ ತಿಳಿಯದೆ ಓದಬೇಕೆನ್ನುವವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ನನ್ನ ಅಳತೆಗೋಲು ಒಂದೇ. ಇಶಿಗುರೊ ಅವರ ಕಥೆಗಳನ್ನು ಬಹುಮಟ್ಟಿಗೆ 'ನಾನು' ಎನ್ನುವ ಒಬ್ಬ ವ್ಯಕ್ತಿ ಹೇಳುತ್ತಾನೆ ಅಥವಾ ಹೇಳುತ್ತಾಳೆ. ಆ ವ್ಯಕ್ತಿ ಏನನ್ನೋ ಮುಚ್ಚಿಡುತ್ತಿರುತ್ತಾನೆ, ಅದೂ ನಮ್ಮಿಂದ ಮುಚ್ಚಿಡುವುದಕ್ಕಿಂತ ಹೆಚ್ಚಾಗಿ ತನ್ನಿಂದಲೇ. ಅವನು ಒಪ್ಪಿಕೊಳ್ಳುವುದಕ್ಕೆ ಎಷ್ಟು ಮೊದಲು ನಮಗೆ ವಿಷಯ ತಿಳಿಯುತ್ತದೆ, ತಿಳಿದ ಮೇಲೆ ಎಷ್ಟು ಹೊತ್ತು ನಾವು ಕಾಯಬೇಕಾಗುತ್ತದೆ ಎಂಬುದರ ಮೇಲೆ ಆ ಕಾದಂಬರಿಯ ಕಾವು ನಿಂತಿರುತ್ತದೆ. ನಾವು ತೀರ ಮುಂದೆ ಹೋಗಿಬಿಟ್ಟರೆ ನಿರೂಪಕನ ಮೇಲೆ ಕನಿಕರ ಮಾತ್ರ ಉಳಿಯುತ್ತದೆ, ತೀರ ಹಿಂದುಳಿದರೆ ತಲೆಬುಡ ತಿಳಿಯದೆ ಸಿಟ್ಟು ಬರುತ್ತದೆ. ಓದುಗರ ಮೆಚ್ಚುಗೆ, ಬೇಸರ, ಜಗಳ ಎಲ್ಲವೂ ಈ ಅಂತರದಿಂದಲೇ ಹುಟ್ಟುತ್ತವೆ ಎಂಬುದು ನಾನು ಕಂಡುಕೊಂಡ ಸಂಗತಿ.

1989ರ 'ದ ರಿಮೇನ್ಸ್ ಆಫ್ ದ ಡೇ' ಈ ಅಂತರವನ್ನು ಅತ್ಯಂತ ಹದವಾಗಿ ಇಟ್ಟುಕೊಂಡಿರುವ ಪುಸ್ತಕ. ಆ ವರ್ಷದ ಬುಕರ್ ಪ್ರಶಸ್ತಿ ಬಂದದ್ದು ಇದಕ್ಕೇ. 1956ರ ಜುಲೈ ತಿಂಗಳಲ್ಲಿ ಡಾರ್ಲಿಂಗ್ಟನ್ ಹಾಲ್ ಎಂಬ ದೊಡ್ಡ ಬಂಗಲೆಯ ಬಟ್ಲರ್, ಅಂದರೆ ಮನೆಯಾಳುಗಳ ಮುಖ್ಯಸ್ಥ, ಸ್ಟೀವನ್ಸ್, ತನ್ನ ಹೊಸ ಅಮೆರಿಕನ್ ಯಜಮಾನನ ಫೋರ್ಡ್ ಕಾರನ್ನು ಎರವಲು ಪಡೆದು, ಹಿಂದೊಮ್ಮೆ ಅದೇ ಮನೆಯಲ್ಲಿ ಮೇಲ್ವಿಚಾರಕಿಯಾಗಿದ್ದ ಮಿಸ್ ಕೆಂಟನ್‌ಳನ್ನು ಕಾಣಲು ಕಾರ್ನ್‌ವಾಲ್ ಕಡೆಗೆ ಹೊರಡುತ್ತಾನೆ. ಮನೆಯಲ್ಲಿ ಕೆಲಸದವರು ಕಡಿಮೆಯಾಗಿದ್ದಾರೆ, ಆಕೆಯನ್ನು ಮರಳಿ ಕರೆತರಬಹುದೇನೋ ಎಂಬುದು ಅವನು ಹೇಳಿಕೊಳ್ಳುವ ಕಾರಣ. ಮೊದಲ ಇಪ್ಪತ್ತು ಪುಟ ದಾಟುವುದರೊಳಗೆ ನಿಜವಾದ ಕಾರಣ ನಮಗೆ ಗೊತ್ತಾಗಿರುತ್ತದೆ. ಅವನಿಗೆ ಗೊತ್ತಾಗುವುದಕ್ಕೆ ಪುಸ್ತಕ ಮುಗಿಯಬೇಕು. ಹಳೆಯ ಯಜಮಾನ ಲಾರ್ಡ್ ಡಾರ್ಲಿಂಗ್ಟನ್ 1930ರ ದಶಕದಲ್ಲಿ ನಾಜಿಗಳ ಕೈಗೊಂಬೆಯಾಗಿದ್ದನೆಂಬ ಸತ್ಯವೂ ಹೀಗೆಯೇ ಸ್ಟೀವನ್ಸ್‌ನ ಮಾತಿನ ಸಂದುಗೊಂದುಗಳಿಂದ ಸೋರಿ ಬರುತ್ತದೆ.

ಈ ಪುಸ್ತಕದ ಕೈಚಳಕ ತಿಳಿಯಬೇಕಾದರೆ ಒಂದು ರಾತ್ರಿಯ ಪ್ರಸಂಗವನ್ನು ನಿಧಾನವಾಗಿ ನೋಡಬೇಕು. 1923ರಲ್ಲಿ ಆ ಮನೆಯಲ್ಲಿ ನಡೆಯುವ ಅಂತರರಾಷ್ಟ್ರೀಯ ಸಭೆಯ ಕೊನೆಯ ರಾತ್ರಿ. ಮೇಲಿನ ಕೋಣೆಯಲ್ಲಿ ಸ್ಟೀವನ್ಸ್‌ನ ತಂದೆ ಸಾಯುತ್ತಿದ್ದಾನೆ, ಕೆಳಗೆ ಸ್ಟೀವನ್ಸ್ ಅತಿಥಿಗಳ ಲೋಟಗಳಿಗೆ ಮದ್ಯ ಸುರಿಯುತ್ತಾ ಓಡಾಡುತ್ತಿದ್ದಾನೆ. ತನಗೆ ದುಃಖವಾಯಿತೆಂದು ಅವನು ಎಲ್ಲಿಯೂ ಹೇಳುವುದಿಲ್ಲ. ಒಬ್ಬ ತರುಣ ಅತಿಥಿ, ಆರೋಗ್ಯ ಸರಿಯಿದೆಯೇ ಎಂದು ಕೇಳುತ್ತಾನೆ. ಸ್ವಲ್ಪ ಹೊತ್ತಿಗೆ ಯಜಮಾನನೇ ಬಂದು, ಅಳುತ್ತಿರುವಂತೆ ಕಾಣುತ್ತೀಯಲ್ಲ ಎನ್ನುತ್ತಾನೆ. ಸ್ಟೀವನ್ಸ್ ನಕ್ಕು, ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, ದಿನವಿಡೀ ದುಡಿದ ಆಯಾಸ ಎಂದು ಹೇಳಿ ಮುಂದಿನ ಕೆಲಸಕ್ಕೆ ಹೋಗುತ್ತಾನೆ. ಕಥೆ ಹೇಳುತ್ತಿರುವವನ ಕಣ್ಣೀರು ನಮಗೆ ತಿಳಿಯುವುದು ಬೇರೆಯವರ ಬಾಯಿಂದ! ಕೊನೆಯಲ್ಲಿ ವೇಮತ್ ಪಟ್ಟಣದ ಕಡಲಕಟ್ಟೆಯ ಮೇಲೆ ಅಪರಿಚಿತನೊಬ್ಬ ಕರವಸ್ತ್ರ ಚಾಚಿದಾಗಲೂ ಅಷ್ಟೆ. ನಡುವೆ ಮಿಸ್ ಕೆಂಟನ್ ಮುಂದೆ ಕುಳಿತಿದ್ದಾಗ ಮಾತ್ರ ಒಂದೇ ಒಂದು ವಾಕ್ಯದಲ್ಲಿ ತನ್ನ ಎದೆ ಒಡೆಯಿತೆಂದು ಅವನು ಒಪ್ಪಿಕೊಳ್ಳುತ್ತಾನೆ. ಅಮೆರಿಕನ್ ಗಾಯಕ ಟಾಮ್ ವೇಟ್ಸ್ ಅವರ ಒಂದು ಹಾಡು ಕೇಳಿದ ಮೇಲೆ ಈ ಒಂದು ಬಿರುಕನ್ನು ಬಿಡಬೇಕೆಂದು ತಮಗೆ ತೋಚಿದ್ದನ್ನು ಇಶಿಗುರೊ 2017ರ ನೊಬೆಲ್ ಉಪನ್ಯಾಸದಲ್ಲಿ ವಿವರಿಸಿದ್ದಾರೆ. ಆ ವಾಕ್ಯವಿಲ್ಲದಿದ್ದರೆ ಸ್ಟೀವನ್ಸ್ ಬರೀ ಕಲ್ಲುಗಂಬವಾಗಿ ಉಳಿಯುತ್ತಿದ್ದ.

ಹಿರಿಯ ಅಧಿಕಾರಿಗಳ ಆಪ್ತ ಸಹಾಯಕರಾಗಿ ದುಡಿದು ನಿವೃತ್ತರಾದ ನನ್ನ ದೊಡ್ಡಪ್ಪನವರಿಗೆ ಈ ಪುಸ್ತಕವನ್ನು ಕೊಟ್ಟಿದ್ದೆ. ವಿಮರ್ಶಕರೆಲ್ಲ ಸ್ಟೀವನ್ಸ್‌ನನ್ನು ಆತ್ಮವಂಚನೆಯ ಮಾದರಿ ಎಂದು ಓದುತ್ತಾರೆ. ದೊಡ್ಡಪ್ಪ ಅವನ ವಕೀಲರಾಗಿಬಿಟ್ಟರು. ಉಂಡ ಮನೆಗೆ ಎರಡು ಬಗೆಯದಿರುವುದು ಯಾವಾಗಿನಿಂದ ತಪ್ಪಾಯಿತು ಎಂಬುದು ಅವರ ವಾದ. ಅವರಿಗೆ ಅತಿ ಹಿಡಿಸಿದ್ದು ಸ್ಟೀವನ್ಸ್‌ನ ತಂದೆ ಮತ್ತೆ ಮತ್ತೆ ಹೇಳುವ, ಭಾರತದಲ್ಲಿ ನಡೆದದ್ದೆನ್ನಲಾದ ಉಪಕಥೆ. ಊಟದ ಮೇಜಿನ ಕೆಳಗೆ ಹುಲಿ ಮಲಗಿರುವುದನ್ನು ಕಂಡ ಬಟ್ಲರ್ ಒಬ್ಬ ಸದ್ದಿಲ್ಲದೆ ಬಾಗಿಲು ಮುಚ್ಚಿ, ಅತಿಥಿಗಳ ಜೊತೆ ಚಹಾ ಕುಡಿಯುತ್ತಿದ್ದ ಯಜಮಾನನ ಕಿವಿಯಲ್ಲಿ ಬಂದೂಕಿಗೆ ಅನುಮತಿ ಕೇಳುತ್ತಾನೆ. ಮೂರು ಗುಂಡಿನ ಸದ್ದಾದ ಮೇಲೆ ಚಹಾ ತುಂಬಿಸಲು ಮರಳಿ ಬಂದು, ಊಟ ಎಂದಿನ ಹೊತ್ತಿಗೇ ಆಗುತ್ತದೆ, ಅಷ್ಟರಲ್ಲಿ ನಡೆದದ್ದರ ಗುರುತೂ ಇರುವುದಿಲ್ಲ ಎಂದು ತಿಳಿಸುತ್ತಾನೆ. ಇದನ್ನು ನಮ್ಮ ಮನೆಗೆ ಬಂದವರಿಗೆಲ್ಲ ದೊಡ್ಡಪ್ಪ ಹೇಳಿದ್ದಾರೆ. ಆದರೆ ಯಜಮಾನನ ಮಾತು ಕೇಳಿ ಇಬ್ಬರು ಯೆಹೂದಿ ಹುಡುಗಿಯರನ್ನು ಸ್ಟೀವನ್ಸ್ ಕೆಲಸದಿಂದ ತೆಗೆಯುವ ಅಧ್ಯಾಯ ಮುಗಿದ ದಿನ ಅವರ ದನಿ ಬದಲಾಗಿತ್ತು. "ಆ ಹುಡುಗೀರ ವಿಷಯದಲ್ಲಿ ಅವನು ಬಾಯಿ ಬಿಡಬೇಕಾಗಿತ್ತು ಕಣಮ್ಮ" ಎಂದರು, ಅಷ್ಟಕ್ಕೇ ನಿಲ್ಲಿಸಿದರು. ಮೊದಲು ಸ್ಟೀವನ್ಸ್‌ನ ಪಕ್ಷ ಹಿಡಿದವರಿಗೇ ಈ ಕಾದಂಬರಿ ಹೆಚ್ಚು ತಟ್ಟುತ್ತದೆ ಎಂದು ನನಗೆ ಅನ್ನಿಸಿದ್ದು ಆಗ.

ನಿರ್ಮಾಪಕ ಮರ್ಚೆಂಟ್ ಮತ್ತು ನಿರ್ದೇಶಕ ಐವರಿ ಜೋಡಿಯ 1993ರ ಸಿನಿಮಾ ಎಂಟು ಆಸ್ಕರ್ ನಾಮನಿರ್ದೇಶನ ಪಡೆಯಿತು. ಆಂಥನಿ ಹಾಪ್ಕಿನ್ಸ್, ಎಮ್ಮಾ ಥಾಂಪ್ಸನ್ ಇಬ್ಬರ ಅಭಿನಯವೂ ಮರೆಯುವಂಥದ್ದಲ್ಲ. ಆದರೂ ಪುಸ್ತಕಕ್ಕೆ ಬದಲಾಗಿ ಅದನ್ನು ನೋಡಬೇಡಿರೆಂದೇ ಹೇಳುತ್ತೇನೆ. ಕ್ಯಾಮೆರಾ ಹಾಪ್ಕಿನ್ಸ್ ಮುಖವನ್ನು ನಮಗೆ ಹೊರಗಿನಿಂದ ತೋರಿಸಿಬಿಡುತ್ತದೆ. ಪುಸ್ತಕದಲ್ಲಿ ಆ ಮುಖವನ್ನು ಅವನ ಮಾತಿನಿಂದಲೇ ನಾವು ಊಹಿಸಿಕೊಳ್ಳಬೇಕು. ಒಂದು ತೊಡಕನ್ನೂ ಹೇಳಬೇಕು. ಬಟ್ಲರನ ಇಂಗ್ಲಿಷ್ ಸುತ್ತುಬಳಸಿನದು, ಪ್ರತಿ ಮಾತಿಗೂ ಗಂಜಿ ಹಾಕಿ ಇಸ್ತ್ರಿ ಮಾಡಿದಂಥದು. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರಿಗೆ ಮೊದಲ ಮೂವತ್ತು ಪುಟ ನಿಧಾನವಾಗುತ್ತದೆ. ಸಹಿಸಿಕೊಂಡರೆ ಆ ಸುತ್ತುಬಳಸೇ ಪಾತ್ರ ಎಂಬುದು ತಾನಾಗಿ ತಿಳಿಯುತ್ತದೆ.

ಇದಕ್ಕೆ ಎದುರಾಳಿಯಾಗಿ ನಾನು ಇಡುವುದು ಮೂರು ವರ್ಷ ಮೊದಲು, 1986ರಲ್ಲಿ ಬಂದ 'ಆ್ಯನ್ ಆರ್ಟಿಸ್ಟ್ ಆಫ್ ದ ಫ್ಲೋಟಿಂಗ್ ವರ್ಲ್ಡ್' ಕಾದಂಬರಿಯನ್ನು. ಅದಕ್ಕೆ ವಿಟ್‌ಬ್ರೆಡ್ ವರ್ಷದ ಪುಸ್ತಕ ಪ್ರಶಸ್ತಿ ಬಂದಿತ್ತು, ಆದರೆ ಬಟ್ಲರನ ನೆರಳಿನಲ್ಲಿ ಅದು ಮರೆಯಾದಂತಿದೆ. ತಮ್ಮ ಮೊದಲ ಮೂರು ಕಾದಂಬರಿಗಳು ಒಂದೇ ಪುಸ್ತಕವನ್ನು ಮೂರು ಸಲ ಬರೆದಂತೆ ಎಂದು ಇಶಿಗುರೊ ಅವರೇ ಹೇಳಿಕೊಂಡಿದ್ದಾರೆ. ಇಲ್ಲಿಯೂ ಮುದಿ ಮನುಷ್ಯ, ಇಲ್ಲಿಯೂ ಸೋತ ರಾಜಕೀಯಕ್ಕೆ ಒತ್ತೆಯಿಟ್ಟ ಬದುಕು. ಮಸುಜಿ ಓನೊ ಎಂಬ ಚಿತ್ರಕಾರ ಯುದ್ಧಕ್ಕೆ ಮುಂಚೆ ಜಪಾನಿನ ಸಾಮ್ರಾಜ್ಯಶಾಹಿಗೆ ಕುಂಚ ಹಿಡಿದವನು. 1948ರ ಅಕ್ಟೋಬರಿನಿಂದ 1950ರ ಜೂನ್‌ವರೆಗಿನ ನಾಲ್ಕು ಭಾಗಗಳಲ್ಲಿ, ಸೋತ ದೇಶದ ಹೊಸ ಗಾಳಿಯಲ್ಲಿ ಕುಳಿತು ಹಿಂದಿನದನ್ನು ನೆನೆಯುತ್ತಾನೆ. ಕಿರಿಯ ಮಗಳು ನೊರಿಕೊಳ ಮದುವೆ ಒಮ್ಮೆ ತಪ್ಪಿದೆ. ಈಗ ಇನ್ನೊಂದು ಸಂಬಂಧ ಬಂದಿದೆ, ಗಂಡಿನ ಕಡೆಯವರು ಮನೆತನವನ್ನು ವಿಚಾರಿಸುತ್ತಿದ್ದಾರೆ. ಸಂಬಂಧ ತಪ್ಪಿದ್ದಕ್ಕೆ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳದ, ಹಿರಿಯ ಮಗಳು ತವರಿಗೆ ಬಂದಾಗ ಅಡ್ಡಮಾತಿನಲ್ಲಿ ಸುಳಿವು ಕೊಟ್ಟುಹೋಗುವ ಈ ಮನೆಯ ವಾತಾವರಣವನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷ್ ವಿಮರ್ಶಕರು ಒಂದು ಪುಟ ವಿವರಿಸುವುದನ್ನು ನಾವು ಮದುವೆಮಾತಿನ ಅನುಭವದಿಂದಲೇ ಹಿಡಿದುಬಿಡುತ್ತೇವೆ.

ಎರಡರ ನಡುವಿನ ವ್ಯತ್ಯಾಸ ಇರುವುದು ತಪ್ಪೊಪ್ಪಿಗೆಯಲ್ಲಿ. ಹೋಟೆಲಿನಲ್ಲಿ ಎರಡೂ ಮನೆಯವರು ಸೇರಿದ ದಿನ ಓನೊ ತಾನಾಗಿಯೇ, ದೇಶವನ್ನು ದಾರಿ ತಪ್ಪಿಸಿದವರಲ್ಲಿ ತಾನೂ ಒಬ್ಬ ಎಂದು ಎಲ್ಲರೆದುರು ಹೇಳಿಕೊಳ್ಳುತ್ತಾನೆ. ಸಂಬಂಧ ಕುದುರುತ್ತದೆ, ತನ್ನ ಪ್ರಾಮಾಣಿಕತೆಯಿಂದಲೇ ಕುದುರಿತೆಂದು ಅವನು ಬೀಗುತ್ತಾನೆ. ಬಹಳ ದಿನದ ಮೇಲೆ ಹಿರಿಯ ಮಗಳು, ಆ ದಿನ ಅಪ್ಪ ಯಾತಕ್ಕಾಗಿ ಹಾಗೆ ಮಾತನಾಡಿದರೆಂದು ಯಾರಿಗೂ ಅರ್ಥವಾಗಲಿಲ್ಲ, ಅವರ ಚಿತ್ರಗಳಿಗೆ ಅಷ್ಟೊಂದು ಪ್ರಭಾವವೇನೂ ಇರಲಿಲ್ಲವಲ್ಲ ಎಂದುಬಿಡುತ್ತಾಳೆ. ಹಾಗಾದರೆ ಅವನ ಪಾಪಪ್ರಜ್ಞೆಯೂ ಒಂದು ಬಗೆಯ ಜಂಬವೇ? ಆದರೆ ಅವನು ಕೊಟ್ಟ ಸುಳಿವಿನಿಂದ ಶಿಷ್ಯ ಕುರೋಡನ ಮನೆಗೆ ಪೊಲೀಸರು ನುಗ್ಗಿ ಚಿತ್ರಗಳನ್ನು ಸುಟ್ಟ ವಾಸನೆ ಪುಸ್ತಕದಲ್ಲಿ ಇದ್ದೇ ಇದೆ, ಅದು ಜಂಬವಲ್ಲ. ಇತಿಹಾಸದ ಉಪನ್ಯಾಸಕರಾಗಿದ್ದ ನಮ್ಮ ಬೀದಿಯ ಮೇಷ್ಟ್ರು, ಈ ಪುಸ್ತಕ ಬಟ್ಲರನದಕ್ಕಿಂತ ಮೇಲು ಎಂದು ಇವತ್ತಿಗೂ ಪಟ್ಟುಹಿಡಿದಿದ್ದಾರೆ. ಸ್ಟೀವನ್ಸ್‌ನನ್ನು ನಾವು ಕೊನೆಗೆ ಪೂರ್ತಿ ತಿಳಿದುಕೊಂಡು ಎದ್ದುಹೋಗಬಹುದು, ಓನೊನನ್ನು ಹಾಗೆ ಮುಗಿಸಲಾಗುವುದಿಲ್ಲ ಎಂಬುದು ಅವರ ಕಾರಣ. ಬೌದ್ಧಿಕವಾಗಿ ಅವರ ಮಾತು ಸರಿ. ನನ್ನ ಮತ ಆದರೂ ಬಟ್ಲರನಿಗೇ, ಏಕೆಂದರೆ ಓನೊನ ಕಥೆಯಲ್ಲಿ ನನ್ನ ಗಂಟಲು ಒಮ್ಮೆಯೂ ಕಟ್ಟಲಿಲ್ಲ.

ಪ್ರಾಸಂಗಿಕವಾಗಿ ಒಂದು ಮಾತು: 1954ರಲ್ಲಿ ನಾಗಸಾಕಿಯಲ್ಲಿ ಹುಟ್ಟಿ, ಸಮುದ್ರವಿಜ್ಞಾನಿಯಾಗಿದ್ದ ತಂದೆಯ ಜೊತೆ ಐದನೆಯ ವಯಸ್ಸಿನಲ್ಲಿ ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ಗೆ ಬಂದ ಇಶಿಗುರೊ ಮತ್ತೆ ಜಪಾನಿಗೆ ಕಾಲಿಟ್ಟದ್ದು 1989ರಲ್ಲಿ. ಜಪಾನಿನಲ್ಲಿ ನಡೆಯುವ ಕಥೆಗಳನ್ನು ಅವರು ಬರೆದದ್ದು ಆ ಭೇಟಿಗೆ ಮುಂಚೆ, ಬಾಲ್ಯದ ನೆನಪು ಮತ್ತು ಕಲ್ಪನೆಯ ಬಲದಿಂದ. ಜಪಾನಿನ ಬಗ್ಗೆ ತಿಳಿದುಕೊಳ್ಳಲು ಅವನ್ನು ಓದುವವರು ನಿರಾಶರಾಗುವುದಕ್ಕೆ ಇದೂ ಒಂದು ಕಾರಣವಿರಬೇಕು.

2005ರ 'ನೆವರ್ ಲೆಟ್ ಮಿ ಗೋ' ಅತಿ ಹೆಚ್ಚು ಜನ ನನಗೆ ಶಿಫಾರಸು ಮಾಡಿದ ಪುಸ್ತಕ, ಅತಿ ಹೆಚ್ಚು ಜನ ನನ್ನೊಂದಿಗೆ ಜಗಳವಾಡಿದ ಪುಸ್ತಕವೂ ಅದೇ. ಕ್ಯಾಥಿ ಎಚ್. ಎಂಬ ಮೂವತ್ತೊಂದು ವರ್ಷದ ಹೆಣ್ಣುಮಗಳು, ತಾನು ಹೆಯ್ಲ್‌ಷಮ್ ಎಂಬ ವಸತಿ ಶಾಲೆಯಲ್ಲಿ ರೂತ್ ಮತ್ತು ಟಾಮಿ ಎಂಬ ಗೆಳೆಯರೊಡನೆ ಬೆಳೆದದ್ದನ್ನು ಹೇಳುತ್ತಾಳೆ. ಆ ಮಕ್ಕಳೆಲ್ಲ ಅಂಗಾಂಗ ದಾನಕ್ಕೆಂದೇ ತಯಾರಿಸಲಾದ ತದ್ರೂಪಿಗಳು. ಬೆಳೆದು, ಮೊದಲು ಇತರ ದಾನಿಗಳ ಆರೈಕೆ ಮಾಡಿ, ಆಮೇಲೆ ತಾವೂ ಒಂದೊಂದೇ ಅಂಗ ಕೊಡುತ್ತಾ ಮುಗಿದುಹೋಗಬೇಕಾದವರು. ಇದರ ಇಂಗ್ಲಿಷ್ ಅತ್ಯಂತ ಸರಳ, ಒಬ್ಬ ಸ್ನೇಹಿತೆ ಸಂಜೆ ಹೊತ್ತು ಕುಳಿತು ಹಳೆಯ ಕಥೆ ಹೇಳಿದಷ್ಟು ಸರಾಗ. ಇಂಗ್ಲಿಷ್ ಕಾದಂಬರಿ ಓದುವ ಅಭ್ಯಾಸವೇ ಇಲ್ಲದವರಿಗೆ ಬಟ್ಲರನಿಗಿಂತ ಇದನ್ನೇ ಮೊದಲು ಕೊಡುವುದು ಒಳ್ಳೆಯದು.

ಜಗಳದ ಮೂಲ ಒಂದೇ ಪ್ರಶ್ನೆ: ಬೇಲಿಯಿಲ್ಲ, ಕಾವಲಿಲ್ಲ, ಕಾರು ಓಡಿಸುತ್ತಾರೆ, ಊರೂರು ತಿರುಗುತ್ತಾರೆ, ಆದರೂ ಇವರೇಕೆ ಓಡಿಹೋಗುವುದಿಲ್ಲ? ಇಂಗ್ಲಿಷ್ ಓದುಗರಲ್ಲಿಯೂ ಇದೇ ಪ್ರಶ್ನೆ ಎದ್ದಿದೆ, ಇಶಿಗುರೊ ಸಂದರ್ಶನಗಳಲ್ಲಿ ಇದಕ್ಕೆ ಉತ್ತರಿಸುತ್ತಲೇ ಬಂದಿದ್ದಾರೆ. ಓಡಿಹೋಗುವವರ ಕಥೆಗಳು ಬೇಕಾದಷ್ಟಿವೆ, ತಮಗೆ ಕುತೂಹಲವಿರುವುದು ಓಡಿಹೋಗದವರ ಬಗ್ಗೆ ಎಂಬುದು ಅವರ ಮಾತಿನ ಸಾರ. ನನಗೆ ಇದಕ್ಕಿಂತ ಒಳ್ಳೆಯ ಉತ್ತರ ಕೊಟ್ಟದ್ದು ದಾದಿಯಾಗಿರುವ ನನ್ನ ಅತ್ತಿಗೆ. ಆರಂಭದ ಪುಟದಲ್ಲೇ ಕ್ಯಾಥಿ, ತಾನು ನೋಡಿಕೊಂಡ ದಾನಿಗಳು ಕೊನೆಯವರೆಗೂ ಹೆಚ್ಚಾಗಿ ಗಾಬರಿಗೊಳ್ಳದೆ ಶಾಂತವಾಗಿದ್ದರೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಅತ್ತಿಗೆ ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದರು. "ವಾರ್ಡಿನಲ್ಲಿ ನಮಗೂ ಹೊಗಳಿಕೆ ಸಿಗೋದು ಇದಕ್ಕೇ ನೋಡು. ರೋಗಿ ಗಲಾಟೆ ಮಾಡದೆ ಸುಮ್ಮನೆ ಇದ್ದರೆ ಒಳ್ಳೇ ಸಿಸ್ಟರ್ ಅಂತಾರೆ" ಎಂದರು. ಓಡಿಹೋಗುವ ಪ್ರಶ್ನೆ ಅವರಿಗೆ ಬರಲೇ ಇಲ್ಲ.

ಅಂತರದ ಲೆಕ್ಕದಲ್ಲಿ ಈ ಪುಸ್ತಕದ ಉಪಾಯ ಬೇರೆ. ಕ್ಯಾಥಿ ನಮ್ಮನ್ನು ಇನ್ನೊಬ್ಬ ತದ್ರೂಪಿಯೆಂದೇ ಭಾವಿಸಿ, ನಿಮ್ಮ ಶಾಲೆಯಲ್ಲಿ ಹೇಗಿತ್ತೋ ನನಗೆ ತಿಳಿಯದು, ನಮ್ಮಲ್ಲಿ ಹೀಗಿತ್ತು ಎಂದು ಆಗಾಗ ಮಾತನಾಡಿಸುತ್ತಾಳೆ. ಅವಳಿಗಿಂತ ಮುಂದೆ ಓಡಲು ನಮಗೆ ಜಾಗವೇ ಇರುವುದಿಲ್ಲ, ಅವಳ ಪಕ್ಕದ ಹಾಸಿಗೆಯಲ್ಲೇ ನಮ್ಮನ್ನೂ ಮಲಗಿಸಿಯಾಗಿರುತ್ತದೆ. ಶಾಲೆಯ ಮಕ್ಕಳಿಗೆ ಸತ್ಯ ಹೇಳಲಾಗಿತ್ತು, ಆದರೂ ಹೇಳಲಾಗಿರಲಿಲ್ಲ ಎಂಬ ಶಿಕ್ಷಕಿ ಮಿಸ್ ಲೂಸಿಯ ಮಾತು ಓದುಗರಿಗೂ ಹಾಗೆಯೇ ಅನ್ವಯಿಸುತ್ತದೆ, ಏಕೆಂದರೆ ಗುಟ್ಟು ಹೊರಬೀಳುವ ಹೊತ್ತಿಗೆ ನಮಗದು ಹೇಗೋ ಮೊದಲೇ ಗೊತ್ತಿದ್ದಂತಿರುತ್ತದೆ. ಕೊನೆಯ ಭಾಗದಲ್ಲಿ ಶಾಲೆಯ ಮುಖ್ಯಸ್ಥೆ ಕುಳಿತು ಎಲ್ಲವನ್ನೂ ವಿವರಿಸುವ ಅಧ್ಯಾಯ ಮಾತ್ರ ನನಗೆ ಪೇಲವವೆನಿಸಿತು; ಅಷ್ಟು ಹೊತ್ತು ಸುಳಿವುಗಳಲ್ಲಿ ನಡೆದ ಕಥೆ ಅಲ್ಲಿ ಇದ್ದಕ್ಕಿದ್ದಂತೆ ಭಾಷಣವಾಗುತ್ತದೆ.

ಇದೇ ಧಾಟಿಯ ಮುಂದುವರಿಕೆ ಎಂಬಂತೆ 2021ರಲ್ಲಿ ಬಂದ 'ಕ್ಲಾರಾ ಆ್ಯಂಡ್ ದ ಸನ್', ನೊಬೆಲ್ ನಂತರದ ಅವರ ಮೊದಲ ಕಾದಂಬರಿ. ಜೋಸಿ ಎಂಬ ಕಾಯಿಲೆಯ ಹುಡುಗಿಗೆ ಜೊತೆಗಾತಿಯಾಗಿ ಕೊಂಡು ತಂದ ಯಂತ್ರಬಾಲಕಿ ಕ್ಲಾರಾ ಇಲ್ಲಿ ಕಥೆ ಹೇಳುತ್ತಾಳೆ. ಸೌರಶಕ್ತಿಯಿಂದ ನಡೆಯುವ ಅವಳಿಗೆ ಸೂರ್ಯನೇ ದೇವರು. ದೂರದ ಕೊಟ್ಟಿಗೆಯ ಹಿಂದೆ ಸೂರ್ಯ ಮುಳುಗುವುದನ್ನು ಕಂಡು, ಅವನು ರಾತ್ರಿ ತಂಗುವುದು ಅಲ್ಲಿಯೇ ಎಂದು ನಂಬಿ, ಜೋಸಿಯನ್ನು ಬದುಕಿಸಿಕೊಡೆಂದು ಹರಕೆ ಹೊರಲು ಅಲ್ಲಿಗೆ ಹೋಗುತ್ತಾಳೆ. ಕೃತಕ ಬುದ್ಧಿಮತ್ತೆಯ ಕೆಲಸ ಮಾಡುವ ನಮ್ಮ ಕಚೇರಿಯ ಹುಡುಗಿಯೊಬ್ಬಳು ಈ ಪುಸ್ತಕವನ್ನು ಎದೆಗೆ ಅಪ್ಪಿಕೊಂಡಿದ್ದಾಳೆ. ಕಡಿಮೆ ದತ್ತಾಂಶದಿಂದ ಅಚ್ಚುಕಟ್ಟಾದ ತರ್ಕ ನಡೆಸಿ ತಪ್ಪು ತೀರ್ಮಾನಕ್ಕೆ ಬರುವುದನ್ನು ಇಷ್ಟು ಚೆನ್ನಾಗಿ ಯಾರೂ ತೋರಿಸಿಲ್ಲ ಎನ್ನುತ್ತಾಳೆ. ಅದು ಒಪ್ಪತಕ್ಕ ಮಾತೇ. ನನ್ನ ತಕರಾರೆಂದರೆ, ಕೊಟ್ಟಿಗೆಯಲ್ಲಿ ಸೂರ್ಯನಿಲ್ಲವೆಂಬುದು ನಮಗೆ ಮೊದಲ ಕ್ಷಣದಿಂದ ಗೊತ್ತು, ಕೊನೆಯವರೆಗೂ ಗೊತ್ತು. ಹೀಗೆ ಎತ್ತರದಲ್ಲಿ ನಿಂತೇ ಓದುವಾಗ ಕ್ಲಾರಾಳ ಮೇಲೆ ಮುದ್ದು ಬರುತ್ತದೆ, ನಮ್ಮ ಬಗ್ಗೆ ನಮಗೆ ಅಳುಕು ಹುಟ್ಟುವುದಿಲ್ಲ. ಅಳುಕು ಹುಟ್ಟಿದ್ದು ಒಂದೇ ಕಡೆ: ಜೋಸಿಯ ತಾಯಿ, ಮಗಳನ್ನು ಮನೆಯಲ್ಲೇ ಬಿಟ್ಟು, ಕ್ಲಾರಾಳೊಬ್ಬಳನ್ನೇ ಜಲಪಾತಕ್ಕೆ ಕರೆದೊಯ್ದು, ಎದುರಿಗೆ ಕೂರಿಸಿಕೊಂಡು, ಈಗ ನೀನು ಜೋಸಿಯಂತೆ ಮಾತನಾಡು, ಜೋಸಿಯಂತೆ ನಡೆ ಎನ್ನುವಲ್ಲಿ. ಅದೊಂದು ಪ್ರಸಂಗಕ್ಕಾಗಿ ಈ ಪುಸ್ತಕವನ್ನು ಓದಬಹುದು. ಕ್ಯಾಥಿಯ ಪಕ್ಕದಲ್ಲಿ ಇಟ್ಟರೆ ಮಾತ್ರ ಇದು ಕಿರಿಯದೇ.

ಇನ್ನು ತದ್ವಿರುದ್ಧ ತುದಿ, 1995ರ 'ದ ಅನ್‌ಕನ್ಸೋಲ್ಡ್'. ಬಟ್ಲರನ ಯಶಸ್ಸಿನ ನಂತರ ಅಂಥದ್ದೇ ಇನ್ನೊಂದನ್ನು ನಿರೀಕ್ಷಿಸಿದ್ದವರ ಕೈಗೆ ಐನೂರು ಪುಟಕ್ಕೂ ಮೀರಿದ ಈ ಕನಸಿನಂಥ ಕಾದಂಬರಿ ಸಿಕ್ಕಿತು. ರೈಡರ್ ಎಂಬ ಪ್ರಸಿದ್ಧ ಪಿಯಾನೊ ವಾದಕ ಹೆಸರಿಲ್ಲದ ಯುರೋಪಿನ ನಗರವೊಂದಕ್ಕೆ ಕಛೇರಿ ಕೊಡಲು ಬರುತ್ತಾನೆ. ಹೋಟೆಲಿನ ಲಿಫ್ಟ್ ಮೇಲೇರುವಷ್ಟರಲ್ಲಿ ಮುದಿ ಪೋರ್ಟರ್ ಗುಸ್ತಾವ್, ಪೆಟ್ಟಿಗೆಗಳನ್ನು ಕೆಳಗಿಡದೆ ಹಿಡಿದುಕೊಂಡೇ ನಿಲ್ಲುವ ತನ್ನ ವೃತ್ತಿಧರ್ಮದ ಬಗ್ಗೆ ಪುಟಗಟ್ಟಲೆ ಮಾತನಾಡುತ್ತಾನೆ. ಕೋಣೆಯಲ್ಲಿ ಮಲಗಿ ಸೂರು ನೋಡಿದರೆ ಅದು ರೈಡರ್ ಬಾಲ್ಯದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಮಲಗುತ್ತಿದ್ದ ಕೋಣೆಯೇ. ಅಪರಿಚಿತ ಹೆಂಗಸು ಬರಬರುತ್ತಾ ಅವನ ಹೆಂಡತಿಯೇ ಇರಬಹುದು ಎನ್ನಿಸತೊಡಗುತ್ತದೆ. ವಿಮರ್ಶಕ ಜೇಮ್ಸ್ ವುಡ್, ಈ ಕಾದಂಬರಿ ಕೆಟ್ಟತನಕ್ಕೆ ತನ್ನದೇ ಒಂದು ಹೊಸ ವರ್ಗವನ್ನು ಸೃಷ್ಟಿಸಿದೆ ಎಂದು ಜರೆದರು. ಇನ್ನೊಬ್ಬ ವಿಮರ್ಶಕ ಜಾನ್ ಕೇರಿ ಇದನ್ನು ಇಪ್ಪತ್ತನೆಯ ಶತಮಾನದ ಅತ್ಯಂತ ಸೊಗಸಾದ ಐವತ್ತು ಪುಸ್ತಕಗಳ ಪಟ್ಟಿಗೆ ಸೇರಿಸಿದರು. ಒಂದೇ ಪುಸ್ತಕದ ಮೇಲೆ ಎರಡು ತೀರ್ಪು ಇಷ್ಟು ದೂರ ನಿಂತಿರುವುದು ಅಪರೂಪ.

ನಾನು ಕೊಟ್ಟವರಲ್ಲಿ ಬಹುತೇಕರು ನೂರು ಪುಟದೊಳಗೆ ಹಿಂತಿರುಗಿಸಿದರು. ದೊಡ್ಡಪ್ಪ ಪೋರ್ಟರ್ ಗುಸ್ತಾವ್‌ನ ಭಾಷಣವನ್ನು ಮಾತ್ರ ಮೆಚ್ಚಿ, ಉಳಿದದ್ದು ತಮಗೆ ಬೇಡವೆಂದರು. ಕೊನೆಯವರೆಗೂ ಓದಿದವರು, ಕಛೇರಿಗಳಿಗಾಗಿ ಊರೂರು ಸುತ್ತುವ ಮೃದಂಗ ವಾದಕ ಸ್ನೇಹಿತರೊಬ್ಬರೇ. ಅವರು ಅದನ್ನು ಹಾಸ್ಯ ಕಾದಂಬರಿಯಾಗಿ ಓದಿದರು. ಬಸ್‌ನಿಲ್ದಾಣದಲ್ಲಿ ಎದುರುಗೊಂಡ ಸಂಘಟಕರು, ನೇರವಾಗಿ ಸಭಾಂಗಣಕ್ಕೆ ಕರೆದೊಯ್ಯದೆ, ಐದೇ ನಿಮಿಷ ಎಂದು ಪ್ರಾಯೋಜಕರ ಮನೆಗೆ, ಅಲ್ಲಿಂದ ಅವರ ಬೀಗರ ಮನೆಗೆ, ಅಲ್ಲಿ ಪಿಯುಸಿ ಓದುವ ಮಗನ ವಾದನ ಕೇಳುವುದಕ್ಕೆ ಎಂದು ಎಳೆದಾಡುವುದು ಅವರ ನಿತ್ಯದ ಪಾಡು. ರೈಡರ್‌ನ ಗತಿಯೂ ಅದೇ ತಾನೆ, ಇದರಲ್ಲಿ ಕನಸು ಎಲ್ಲಿದೆ ಎಂದು ಕೇಳಿದರು. ಆ ಮಾತಿನ ನಂತರ ಮತ್ತೆ ಕೈಗೆತ್ತಿಕೊಂಡಾಗ ನಾನೂ ನಕ್ಕೆ. ಇಲ್ಲಿ ಓದುಗರು ನಿರೂಪಕನ ಹಿಂದೆಯೇ ಏದುಸಿರು ಬಿಡುತ್ತಾ ಓಡಬೇಕು, ಎಂದೂ ಮುಟ್ಟಲಾಗುವುದಿಲ್ಲ. ಅದಕ್ಕೆ ಒಪ್ಪಿದವರಿಗೆ ಮಾತ್ರ ಇದು ಒಗ್ಗುತ್ತದೆ. ಹಿಂಜರಿಕೆಯಿಲ್ಲದೆ ಹೇಳುವುದಾದರೆ, ಇಶಿಗುರೊ ಅವರ ಅತ್ಯಂತ ಧೈರ್ಯದ ಪುಸ್ತಕ ಇದು, ಯಾರಿಗೂ ಮೊದಲು ಕೊಡಬಾರದ ಪುಸ್ತಕವೂ ಇದೇ.

2015ರ 'ದ ಬರೀಡ್ ಜೈಂಟ್' ಆರ್ಥರ್ ರಾಜನ ಕಾಲ ಮುಗಿದ ಮೇಲಿನ ಬ್ರಿಟನ್ನಿನಲ್ಲಿ ನಡೆಯುತ್ತದೆ. ಹೆಣ್ಣು ಡ್ರ್ಯಾಗನ್ ಒಂದರ ಉಸಿರು ಮಂಜಾಗಿ ಹರಡಿ ಎಲ್ಲರ ನೆನಪನ್ನೂ ಅಳಿಸಿದೆ. ಆಕ್ಸೆಲ್, ಬಿಯಾಟ್ರಿಸ್ ಎಂಬ ಮುದಿ ದಂಪತಿ ತಮ್ಮ ಮಗನನ್ನು ಹುಡುಕಿ ಹೊರಡುತ್ತಾರೆ. ಡ್ರ್ಯಾಗನ್ ಸತ್ತರೆ ನೆನಪು ಮರಳುತ್ತದೆ, ನೆನಪಿನ ಜೊತೆಗೆ ಎರಡು ಜನಾಂಗಗಳ ನಡುವಿನ ಹಳೆಯ ಕಗ್ಗೊಲೆಯ ಸೇಡೂ ಮರಳುತ್ತದೆ. ಓದುಗರು ಇದನ್ನು ಫ್ಯಾಂಟಸಿ ಎಂದುಬಿಡುತ್ತಾರೇನೋ ಎಂದು ಇಶಿಗುರೊ ಸಂದರ್ಶನದಲ್ಲಿ ಅಳುಕಿದ್ದು, ಆ ಪ್ರಕಾರಕ್ಕೇ ಬದುಕನ್ನು ಮುಡಿಪಾಗಿಟ್ಟಿದ್ದ ಲೇಖಕಿ ಉರ್ಸುಲಾ ಲ ಗ್ವಿನ್ ಅವರನ್ನು ಕೆರಳಿಸಿತ್ತು. ನನಗೆ ಈ ಪುಸ್ತಕದ ಸಂಭಾಷಣೆ ಬಹಳ ಭಾರವೆನಿಸಿತು. ಆಕ್ಸೆಲ್ ಮಾತುಮಾತಿಗೂ ಹೆಂಡತಿಯನ್ನು 'ರಾಜಕುಮಾರಿ' ಎಂದು ಕರೆಯುವುದನ್ನು ನೂರನೆಯ ಪುಟದ ಹೊತ್ತಿಗೆ ಸಹಿಸುವುದು ಕಷ್ಟವಾಯಿತು. ಕಥೆಯ ತಿರುಳು ಮಾತ್ರ ಗಟ್ಟಿ. ಇಂಗ್ಲಿಷ್ ಓದದ ನನ್ನ ಅಮ್ಮನಿಗೆ ಇದನ್ನು ಕನ್ನಡದಲ್ಲಿ ಕಥೆಯಾಗಿ ಹೇಳಿದೆ. ದ್ವೀಪಕ್ಕೆ ಜೊತೆಯಾಗಿ ದಾಟಬೇಕೆಂಬ ದಂಪತಿಯನ್ನು ಅಂಬಿಗ ಬೇರೆ ಬೇರೆ ಕೂರಿಸಿ, ಅತ್ಯಂತ ಪ್ರಿಯವಾದ ನೆನಪು ಯಾವುದೆಂದು ಕೇಳಿ, ಉತ್ತರಗಳಿಂದ ಅವರ ಪ್ರೀತಿಯನ್ನು ಅಳೆಯುತ್ತಾನೆ ಎಂದಾಗ, ಅಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸದೆ, "ಹಾಗೆ ಕೇಳಿದರೆ ಯಾವ ಗಂಡಹೆಂಡತಿಯೂ ಪಾಸಾಗಲ್ಲ ಬಿಡು" ಎಂದರು. ನಾನು ಓದಿದ ವಿಮರ್ಶೆಗಳಲ್ಲಿ ಯಾವುದೂ ಆ ಪ್ರಸಂಗದ ಭಯವನ್ನು ಇಷ್ಟು ನೇರವಾಗಿ ಹೇಳಿಲ್ಲ.

ಶಾಂಘೈನ ಪತ್ತೇದಾರನ ಕಥೆಯಾದ 2000ದ 'ವೆನ್ ವಿ ವರ್ ಆರ್ಫನ್ಸ್' ಬುಕರ್ ಅಂತಿಮ ಪಟ್ಟಿಗೆ ಬಂದಿತ್ತಾದರೂ, ಅರ್ಧ ಬಟ್ಲರ್ ಅರ್ಧ ರೈಡರ್ ಆಗಿ ಎರಡೂ ದಡ ಸೇರದೆ ಉಳಿದ ಪುಸ್ತಕ. ಎಲ್ಲವನ್ನೂ ಓದುವ ಹಟವಿದ್ದವರಿಗೆ ಸಾಕು.

ಮೊದಲ ಕಾದಂಬರಿಯಾದ 'ಎ ಪೇಲ್ ವ್ಯೂ ಆಫ್ ಹಿಲ್ಸ್' ಪುಸ್ತಕವನ್ನು ನಾನು ಸರದಿಯ ಕೊನೆಗೆ ಇಡುತ್ತೇನೆ. ಇಂಗ್ಲೆಂಡಿನಲ್ಲಿ ನೆಲೆಸಿದ ಎತ್ಸುಕೊಳ ಹಿರಿಯ ಮಗಳು ಕೈಕೊ ಆತ್ಮಹತ್ಯೆ ಮಾಡಿಕೊಂಡಿದ್ದಾಳೆ. ತಾಯಿ ಅದರ ಬಗ್ಗೆ ಮಾತನಾಡದೆ, ಹಿಂದೊಂದು ಬೇಸಿಗೆಯಲ್ಲಿ ನಾಗಸಾಕಿಯಲ್ಲಿ ಪರಿಚಯವಾಗಿದ್ದ ಸಚಿಕೊ ಎಂಬ ಹೆಂಗಸು ಮತ್ತು ಅವಳು ಕಡೆಗಣಿಸಿದ ಮಗಳು ಮರಿಕೊ ಬಗ್ಗೆಯೇ ಹೇಳುತ್ತಾ ಹೋಗುತ್ತಾಳೆ. ಇದನ್ನೇ ಮೊದಲು ಓದಿದ್ದ ನಮ್ಮ ಕಚೇರಿಯ ಆ ಹುಡುಗಿ, ಇದು ದೆವ್ವದ ಕಥೆಯೆಂದು ತಿಳಿದು, ದೆವ್ವ ಕೊನೆಗೆ ಎಲ್ಲಿ ಹೋಯಿತು ಎಂದು ಕೇಳಿದ್ದಳು. ಬಟ್ಲರನನ್ನೂ ಓನೊನನ್ನೂ ಓದಿಕೊಂಡು ಬಂದವರು ಹಾಗೆ ಕೇಳುವುದಿಲ್ಲ. ಈ ಲೇಖಕನ ನಿರೂಪಕರು ತಮ್ಮ ಕಥೆಯನ್ನು ಬೇರೆಯವರ ತಲೆಗೆ ಕಟ್ಟಿ ಹೇಳುತ್ತಾರೆಂಬುದು ಅವರಿಗೆ ಆಗಲೇ ರೂಢಿಯಾಗಿರುತ್ತದೆ. ಹೊಳೆಯ ದಂಡೆಯಲ್ಲಿ ಎತ್ಸುಕೊ ಆ ಮಗುವನ್ನು ಸಮಾಧಾನಪಡಿಸುತ್ತಾ, ಅಲ್ಲಿ ನಿನಗೆ ಹಿಡಿಸದಿದ್ದರೆ ನಾವು ವಾಪಸು ಬಂದುಬಿಡೋಣ ಎನ್ನುವಾಗ ಆ 'ನಾವು' ಅವರ ಕಣ್ಣಿಗೆ ಬೀಳುತ್ತದೆ. ಪುಸ್ತಕದ ಕೊನೆಯ ಪುಟಗಳಲ್ಲಿ, ಮರಿಕೊಳ ಜೊತೆ ಗುಡ್ಡಕ್ಕೆ ಹೋಗಿದ್ದ ದಿನವನ್ನು ನೆನೆಯುತ್ತಾ ತಾಯಿ, ಅಂದು ಕೈಕೊ ಖುಷಿಯಾಗಿದ್ದಳು ಎಂದುಬಿಟ್ಟಾಗ, ಹೆಸರು ತಪ್ಪಿ ಬಂದದ್ದಲ್ಲವೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ.